ಅಕ್ಕಡಿ ಸಾಲಿಗೆ ಸಾಕ್ಷಿ

ಮಂಟಯ್ಯನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಂಪಾಪುರದ ಸಂತೆಯಲ್ಲಿ ಬೆಲ್ಲ ಕೊಂಡರೆ ಅಚ್ಚು ಮುರಿದು ಒಳಗೆ ಮಣ್ಣಿದೆಯೇ ಎಂದು ನೋಡುತ್ತಿದ್ದ. ಒಳಗೂ ಚೆನ್ನಾಗಿಯೇ ಇದ್ದರೆ ಅನುಮಾನ ಇನ್ನೂ ಹೆಚ್ಚಾಗುತ್ತಿತ್ತು. ದಾರಿಯಲ್ಲಿ ಯಾರಾದರೂ 'ಊಟ ಆಯ್ತಾ' ಎಂದರೆ, ಇವನಿಗ್ಯಾಕೆ ನನ್ನ ಊಟದ ಚಿಂತೆ ಎಂದು ಮನೆ ಸೇರುವವರೆಗೂ ತಲೆ ಕೆಡಿಸಿಕೊಳ್ಳುವ ಗಿರಾಕಿ. ಹಾಗಂತ ಕೆಟ್ಟವನೇನಲ್ಲ. ಕೊಟ್ಟ ಮಾತಿಗೆ ತಪ್ಪಿದವನಲ್ಲ, ಇನ್ನೊಬ್ಬರ ಬದುವಿನ ಹುಲ್ಲುಕಡ್ಡಿ ಮುಟ್ಟಿದವನಲ್ಲ. ತನ್ನದನ್ನು ಹೊಡೆದುಕೊಳ್ಳಲು ಇಡೀ ಲೋಕ ಹೊಂಚು ಹಾಕಿ ಕೂತಿದೆ ಎಂಬುದೊಂದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಅಂಥವನ ಹೊಲದ ಬದುವಿಗೆ ಒಂದು ಬೇಸಿಗೆಯ ಕೊನೆಯಲ್ಲಿ ಗ್ರಾಮಸೇವಕ ಬಂದು ಸೈಕಲ್ಲು ಒರಗಿಸಿದ. ಬ್ಲಾಕ್ ಆಫೀಸಿನಿಂದ ಊರೂರು ತಿರುಗಿ ರೈತರಿಗೆ ಹೊಸ ಬೀಜ, ಹೊಸ ಗೊಬ್ಬರದ ವಿಷಯ ಹೇಳುವುದು ಅವನ ಕೆಲಸ. ಬಿಸಿಲಿಗೆ ಬೆವೆತು ಹೋಗಿದ್ದ.

"ಮಂಟಯ್ಯನವರೇ, ಈ ವರ್ಷ ಹೈಬ್ರಿಡ್ ಜೋಳ ಬೆಳೆಯೋರಿಗೆ ಸರ್ಕಾರದಿಂದ ಸಬ್ಸಿಡಿ ಇದೆ. ಬೀಜ, ಗೊಬ್ಬರ ಕಮ್ಮಿ ಬೆಲೆಗೆ ಸಿಗುತ್ತೆ. ಕೊಯ್ಲಿನ ಹೊತ್ತಿಗೆ ನಮ್ಮ ಸಾಹೇಬರು ಬಂದು ಬೆಳೆ ನೋಡ್ತಾರೆ. ಸರಿಯಾಗಿದ್ರೆ ನಿಮ್ಮ ಕೈಗೆ ದುಡ್ಡು ಬರುತ್ತೆ."

"ಯಾಕೆ?" ಎಂದ ಮಂಟಯ್ಯ.

"ಯಾಕೆ ಅಂದ್ರೆ?"

"ನನ್ ಒಲದಲ್ಲಿ ನಾನು ಜ್ವಾಳ ಬೆಳ್ಕಂಡ್ರೆ ಸರ್ಕಾರದೋರು ನಂಗ್ಯಾಕೆ ದುಡ್ಡು ಕೊಟ್ಟಾರು?"

ದೇಶದಲ್ಲಿ ಆಹಾರಕ್ಕೆ ಅಭಾವ, ಹೆಚ್ಚು ಬೆಳೆಯಬೇಕು, ಒಬ್ಬರು ಬೆಳೆದು ತೋರಿಸಿದರೆ ಉಳಿದವರು ಕಲಿಯುತ್ತಾರೆ ಎಂದೆಲ್ಲ ಆತ ತಾಳ್ಮೆಯಿಂದ ಹೇಳಿದ. ಮಂಟಯ್ಯನ ಕಿವಿ ಅತ್ತ ಇರಲಿಲ್ಲ, ಕಣ್ಣು ಆತನ ಚೀಲದಿಂದ ಇಣುಕುತ್ತಿದ್ದ ಅಳತೆ ಪಟ್ಟಿಯ ಮೇಲಿತ್ತು. ಕಬಿನಿಗೆ ಕಟ್ಟೆ ಕಟ್ಟುವಾಗ ಹೀಗೇ ನಯವಾಗಿ ಮಾತಾಡುವವರು ಬಂದು ಹೊಲ ಅಳೆದು, ಗೂಟ ನೆಟ್ಟು ಹೋಗಿದ್ದರು. ಆ ಹೊಲಗಳ ಗತಿ ಏನಾಯಿತು ಎಂದು ಆ ಸೀಮೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ತನ್ನ ಹೊಲ ಹೊಳೆಯಿಂದ ಎಷ್ಟೋ ದೂರದ ಒಣ ದಿಣ್ಣೆಯ ಮೇಲಿದೆ, ಅಲ್ಲಿಗೆ ನೀರು ಬರಬೇಕಾದರೆ ಹಂಪಾಪುರವೇ ಮುಳುಗಬೇಕು ಎಂಬುದು ಅವನಿಗೂ ತಿಳಿದಿತ್ತು. ಆದರೂ ಆ ಪಟ್ಟಿಗೂ ಹೊಲಕ್ಕೂ ನಡುವೆ ಅಡ್ಡ ಬಂದು ನಿಂತ.

"ಯೋಚ್ನೆ ಮಾಡ್ತೀನಿ," ಎಂದು ಸಾಗಹಾಕಿದ.

ಯೋಚನೆ ಮಾಡಿಸಿದ್ದು ಎತ್ತು. ಅವನ ಜೋಡಿಯಲ್ಲಿ ಒಂದೆತ್ತು ಹಿಂದಿನ ವರ್ಷ ದೊಡ್ಡರೋಗಕ್ಕೆ ಸತ್ತಿತ್ತು. ಉಳಿದ ಒಂಟಿ ಎತ್ತನ್ನು ಪಕ್ಕದ ಹೊಲದ ಲಿಂಗಣ್ಣನ ಒಂಟಿ ಎತ್ತಿನ ಜೊತೆ ಹೂಡಿ ಒಬ್ಬರ ಹೊಲಕ್ಕೊಬ್ಬರು ದುಡಿಯುವ ಮುಯ್ಯಾಳಿನಲ್ಲಿ ಬೇಸಾಯ ಸಾಗಿತ್ತು. ಹದವಾದ ಮಳೆ ಬಿದ್ದ ಮಾರನೆಯ ದಿನ ನೇಗಿಲು ಮೊದಲು ಇಳಿಯುತ್ತಿದ್ದುದು ಲಿಂಗಣ್ಣನ ಹೊಲಕ್ಕೇ. ಮಂಟಯ್ಯ ಬದುವಿನ ಮೇಲೆ ಕೂತು ತನ್ನ ಹೊಲದ ತೇವ ಆರುವುದನ್ನು ನೋಡುತ್ತಿದ್ದ. ಸಬ್ಸಿಡಿ ಬಂದರೆ ಇನ್ನೊಂದೆತ್ತು ಬರುತ್ತದೆ, ಮತ್ತೆ ಯಾರ ಮುಲಾಜೂ ಬೇಡ. ಅಷ್ಟರಲ್ಲಿ, ಲಿಂಗಣ್ಣನೂ ಗ್ರಾಮಸೇವಕನನ್ನು ಕೂರಿಸಿಕೊಂಡು ಕಾಫಿ ಕುಡಿಸುತ್ತಿದ್ದ ಎಂಬ ಸುದ್ದಿ ಬಂತು. ಮಂಟಯ್ಯ ಪೇಟ ಸುತ್ತಿಕೊಂಡು ಬ್ಲಾಕ್ ಆಫೀಸಿಗೆ ಓಡಿಹೋಗಿ ಒಪ್ಪಿಕೊಂಡು ಬಂದ.

ಬಿತ್ತನೆಯ ದಿನ ಗ್ರಾಮಸೇವಕ ಹೊಲದಲ್ಲೇ ನಿಂತಿದ್ದ. ಸಾಲು ನೆಟ್ಟಗಿರಬೇಕು, ಗೊಬ್ಬರ ಹೇಳಿದಷ್ಟೇ ಹಾಕಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಅಕ್ಕಡಿ ಇರಬಾರದು. ಹೊಲದ ತುಂಬ ಜೋಳ ಒಂದೇ ಇರಬೇಕು.

ಆ ಕಡೆ ಇಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ರಾಗಿಯಾಗಲಿ ಜೋಳವಾಗಲಿ, ಅಲ್ಲಲ್ಲಿ ಒಂದೊಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುವುದು ವಾಡಿಕೆ. ಅದೇ ಅಕ್ಕಡಿ ಸಾಲು. ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಬಿದಿರು ಕೊಳವೆಯನ್ನು ಹಿಡಿದು, ಮಡಿಲಿನಿಂದ ಬೀಜ ತೆಗೆದು ಬಿಡುತ್ತ ಹೋಗುವುದು ಮನೆಯ ಹೆಂಗಸು. ಆ ಸಾಲಿನಲ್ಲಿ ಬೆಳೆದದ್ದು ಅವಳದು. ಸಾರಿಗೆ ಹಾಕುತ್ತಾಳೋ, ಸಂತೆಗೆ ಹೊರುತ್ತಾಳೋ, ತವರಿಗೆ ಕಳಿಸುತ್ತಾಳೋ, ಗಂಡನಾದವನು ಕೇಳುವಂತಿಲ್ಲ. ಮಂಟಯ್ಯನ ಹೆಂಡತಿ ಸಣ್ಣತಾಯಮ್ಮ ಆ ದಿನವೂ ಮಡಿಲಲ್ಲಿ ಅವರೆ ಬೀಜ ತುಂಬಿಕೊಂಡೇ ಬಂದಿದ್ದಳು.

"ಈ ಸಲ ಅಕ್ಕಡಿ ಬ್ಯಾಡ ಕಣಮ್ಮಿ," ಎಂದ ಮಂಟಯ್ಯ. "ಅವರೆ ಕಂಡ್ರೆ ಸಬ್ಸಿಡಿ ಇಲ್ವಂತೆ. ಎತ್ತು ಬರಾಕಿಲ್ಲ."

ಅವಳು ಗ್ರಾಮಸೇವಕನನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು. "ಆಯ್ತು," ಎಂದು ಮಡಿಲು ಬಿಗಿದುಕೊಂಡು ಬದುವಿಗೆ ಹೋಗಿ ಕೂತಳು.

ಕೂರಿಗೆ ಹಿಡಿದಿದ್ದವನು ಗುಂಡ. ಕಾಡಂಚಿನ ಹಾಡಿಯ ಜೇನುಕುರುಬ. ಅವನೂ ಅವನ ಹೆಂಡತಿ ಚೆನ್ನಿಯೂ ವರ್ಷಾ ವರ್ಷ ಬಿತ್ತನೆಯಿಂದ ಕೊಯ್ಲಿನವರೆಗೆ ಮಂಟಯ್ಯನ ಹೊಲದ ಬದುವಿನಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಅಲ್ಲಿಂದ ಕಾಡು ಕೂಗಳತೆ ದೂರ. ಕಾವಲಿನ ಅಟ್ಟಣೆಯ ಮೇಲೆ ಗುಂಡ ಕೂತಿದ್ದನೆಂದರೆ ಕಾಡುಹಂದಿ ಆ ಬದುವಿಗೆ ಮೂಗು ತೂರಿಸುತ್ತಿರಲಿಲ್ಲ. ಅವನು ತಮಟೆ ಬಡಿಯುತ್ತಿದ್ದನೋ, ಗಾಳಿ ನೋಡಿ ಹೊಗೆ ಹಾಕುತ್ತಿದ್ದನೋ, ಮಂಟಯ್ಯ ಎಂದೂ ವಿಚಾರಿಸಿರಲಿಲ್ಲ. ಬೆಳೆ ಉಳಿಯುತ್ತಿತ್ತು, ಅಷ್ಟು ಸಾಕಾಗಿತ್ತು.

ಜೋಳ ಗಿಡ್ಡವಾಗಿ, ದಟ್ಟವಾಗಿ ಎದ್ದುನಿಂತಿತು. ಊರವರು ಮೊದಲು ಮೂಗು ಮುರಿದರು. ತೆನೆ ಕಟ್ಟಲು ಶುರುವಾದಾಗ ಒಬ್ಬೊಬ್ಬರಾಗಿ ಬಂದು ಬಾಯಿ ಬಿಟ್ಟು ನೋಡಿದರು. ಒಂದೊಂದು ತೆನೆಯೂ ಮುಷ್ಟಿಗೆ ಸಿಗದಷ್ಟು ದಪ್ಪ. ಮಂಟಯ್ಯನಿಗೆ ಹಿಗ್ಗು, ಹಿಗ್ಗಿನ ಬೆನ್ನಿಗೇ ಭಯ. ನೋಡಿ ಹೋದವರ ಕಣ್ಣುಗಳನ್ನೆಲ್ಲ ನೆನಪಿಟ್ಟುಕೊಂಡ. ಶ್ರಾವಣದಲ್ಲಿ ಚುಂಚನಕಟ್ಟೆ ಕಡೆಯಿಂದ ಆಳು ಬಂದು, ಸಣ್ಣತಾಯಮ್ಮನ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ ಎಂದ. ಅವಳು ಆ ದಿನವೇ ತವರಿಗೆ ಹೊರಟಳು. ಗೌರಿ ಹಬ್ಬ ಮುಗಿಸಿಕೊಂಡೇ ಬರುವುದು ಎಂದು ಹೇಳಿ ಹೋದಳು.

ಅವಳು ಹೋದ ವಾರದಲ್ಲೇ ಗ್ರಾಮಸೇವಕ ಬೆಳೆ ನೋಡಲು ಬಂದ. ಸಾಲಿನೊಳಗೆ ಇಳಿದು ಸ್ವಲ್ಪ ದೂರ ಹೋದವನು ನಿಂತುಬಿಟ್ಟ.

"ಇದೇನು ಮಂಟಯ್ಯನವರೇ?"

ಜೋಳದ ದಂಟಿಗೆ ಅವರೆ ಬಳ್ಳಿ ಸುತ್ತಿಕೊಂಡಿತ್ತು. ಒಂದಲ್ಲ, ಎರಡಲ್ಲ. ಹೊಲದ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಸಾಲಿನ ಬುಡದಲ್ಲಿ ಹಸಿರಾಗಿ ಮಿನುಗುತ್ತಿತ್ತು. ಬದುವಿನಿಂದ ನೋಡಿದವರಿಗೆ ಕಾಣುತ್ತಿರಲಿಲ್ಲ. ಮಂಟಯ್ಯನಾದರೋ ಬದುವಿನ ಮೇಲೆ ನಿಂತು ದಾರಿಹೋಕರನ್ನು ಗಮನಿಸುವುದರಲ್ಲೇ ಕಾಲ ಕಳೆದಿದ್ದ. ಹೊಲದೊಳಗೆ ಇಳಿದೇ ಇರಲಿಲ್ಲ.

"ಯಾರೋ ಆಕವ್ರೆ," ಎಂದ. "ನನ್ನ ಸಬ್ಸಿಡಿ ತಪ್ಸಕ್ಕೆ ಯಾರೋ ಬೇಕೂಂತ ಆಕವ್ರೆ."

"ಇರಲಿ ಬಿಡಿ, ಕಿತ್ತುಹಾಕಿಸಿ. ಸಾಹೇಬರು ಬರೋದು ಹಬ್ಬ ಕಳೆದ ಮೇಲೆ. ಯಾರಿಗೂ ಗೊತ್ತಾಗಲ್ಲ."

ಯಾರಿಗೂ ಗೊತ್ತಾಗಲ್ಲ! ಮಂಟಯ್ಯನ ಕಿವಿ ನೆಟ್ಟಗಾಯಿತು. ಕೀಳಿಸಲು ಇವನಿಗೇಕೆ ಇಷ್ಟು ಅವಸರ? ಲಿಂಗಣ್ಣನ ಮನೆಯಲ್ಲಿ ಕಾಫಿ ಕುಡಿದವನಲ್ಲವೇ ಇವನು? ಕಿತ್ತರೆ ಸಾಕ್ಷಿಯೇ ಹೋಯಿತು. ನಾಳೆ ಸಾಹೇಬರ ಮುಂದೆ 'ಇವನೇ ಅಕ್ಕಡಿ ಬಿತ್ತಿ ಆಮೇಲೆ ಕಿತ್ತ' ಎಂದು ಇವನೇ ಹೇಳಿದರೆ?

"ಒಂದು ಬಳ್ಳಿನೂ ಕೀಳಾಕಿಲ್ಲ," ಎಂದ. "ಯಾರು ಆಕಿದ್ದು ಅಂತ ಮೊದ್ಲು ಗೊತ್ತಾಗ್ಲಿ."

ಗ್ರಾಮಸೇವಕ ಹಣೆ ಒರೆಸಿಕೊಂಡು ಸೈಕಲ್ಲು ಹತ್ತಿದ.

ಆಮೇಲೆ ಮಂಟಯ್ಯನ ತಲೆಯೊಳಗೆ ಒಂದು ದೊಡ್ಡ ಸಂಚೇ ತಯಾರಾಯಿತು. ಹೊಟ್ಟೆಕಿಚ್ಚಿನವನು ಲಿಂಗಣ್ಣ. ಉಪಾಯ ಹೇಳಿಕೊಟ್ಟವನು ಗ್ರಾಮಸೇವಕ. ಆದರೆ ಹೊಲಕ್ಕಿಳಿದು ಬೀಜ ಊರಿದ ಕೈ ಯಾವುದು? ಹಗಲೂ ಇರುಳೂ ಹೊಲದಲ್ಲೇ ಇರುವವನು ಒಬ್ಬನೇ. ಅದೂ ಅಲ್ಲದೆ ಚೆನ್ನಿ ಕಳೆ ಕಿತ್ತಿದ್ದಳು. ಹುಲ್ಲನ್ನೆಲ್ಲ ಬುಡಸಮೇತ ಕಿತ್ತವಳು ಅವರೆ ಸಸಿಯನ್ನು ಮಾತ್ರ ಯಾಕೆ ಉಳಿಸಿದಳು? ಯೋಚಿಸಿದಷ್ಟೂ ಎಲ್ಲವೂ ಹೊಂದಿಕೊಳ್ಳುತ್ತಾ ಬಂತು. ಇಷ್ಟು ಚೆನ್ನಾಗಿ ಹೊಂದಿಕೊಂಡಾಗಲಾದರೂ ಬೆಲ್ಲದ ಅಚ್ಚಿನಂತೆ ಅದನ್ನೊಮ್ಮೆ ಮುರಿದು ನೋಡಬೇಕು ಎಂದು ಅವನಿಗೆ ಅನಿಸಲಿಲ್ಲ.

ನೇರವಾಗಿ ಗುಡಿಸಲಿಗೆ ನುಗ್ಗಿದ. ಗುಂಡ ಹೊರಗೆ ಕೂತು ಬಿದಿರು ಸೀಳುತ್ತಿದ್ದ, ಚೆನ್ನಿ ಒಲೆ ಮುಂದಿದ್ದಳು. ಸೂರಿನ ಗಳುವಿಗೆ ಸಿಕ್ಕಿಸಿದ್ದ ಬಟ್ಟೆ ಗಂಟನ್ನು ಎಳೆದು ಬಿಚ್ಚಿದರೆ ಒಳಗೆ ಅವರೆ ಬೀಜ!

"ಇದೇನ್ಲಾ ಗುಂಡ?"

"ಅವರೆ ಬೀಜ ಅಯ್ಯ."

"ಎಲ್ಲಿಂದ ಬಂತು ಅಂತ ಕೇಳ್ತಾ ಇರೋದು."

"ಅಮ್ಮಾರು ಕೊಟ್ರು. ಗುಡ್ಲು ಪಕ್ಕ ಆಕ್ಕಳ್ಳಿ ಅಂತ."

"ಯಾವ ಅಮ್ಮ?"

"ನಿಮ್ಮನೆ ಅಮ್ಮಾರು."

"ಊರಲ್ಲಿಲ್ದೋಳ ಎಸ್ರು ಏಳ್ತಿಯೇನ್ಲಾ? ಅವ್ಳು ಕೊಟ್ಳು ಅನ್ನಕ್ಕೆ ಸಾಕ್ಷಿ ಯಾರವ್ರೆ?"

ಕೊಡುವ ಬೀಜಕ್ಕೆ ಸಾಕ್ಷಿ ಇಟ್ಟುಕೊಂಡವರನ್ನು ಗುಂಡ ಎಲ್ಲೂ ಕಂಡಿರಲಿಲ್ಲ.

"ಒಲಕ್ಕೆ ಅವರೆ ಆಕಿದ್ದು ನೀನೇ ಅಲ್ವಾ?"

"ನಾನಲ್ಲ ಅಯ್ಯ."

"ಮತ್ಯಾರು?"

ಗುಂಡ ಚೆನ್ನಿಯ ಕಡೆ ನೋಡಿದ. ಚೆನ್ನಿ ಒಲೆಯ ಕಡೆ ನೋಡಿದಳು.

"ನಂಗೊತ್ತು. ನಾನು ಏಳಾಕಿಲ್ಲ," ಎಂದ ಗುಂಡ.

ಮಂಟಯ್ಯನಿಗೆ ಇನ್ನೇನು ಬೇಕಿತ್ತು? ಲಿಂಗಣ್ಣ ಎಷ್ಟು ಕೊಟ್ಟ ಎಂದು ಕೂಗಿದ. ಅನ್ನ ಹಾಕಿದ ಮನೆಗೆ ಕನ್ನ ಹಾಕುತ್ತೀಯಾ ಎಂದ. ಗಂಟನ್ನು ಬಿಸಾಡಿದ. ಬೀಜ ಗುಡಿಸಲ ಮುಂದೆಲ್ಲ ಚೆಲ್ಲಿದವು. ಚೆನ್ನಿಗೆ ತಡೆಯಲಾಗಲಿಲ್ಲ, ಎದ್ದು ಬಂದಳು.

"ಕಳೆ ಕೀಳು ಅಂದ್ರಿ, ಕಿತ್ತೆ. ಅವರೆ ಕಳೆನಾ ಅಯ್ಯ? ಯಾವ ಎಣ್ಣು ಕಿತ್ತಾಳು ಅದ?"

"ನಡೀರಿ ಇಬ್ರೂ," ಎಂದ ಮಂಟಯ್ಯ. "ನನ್ ಒಲದ ತಾವ ಇರ್ಬ್ಯಾಡಿ."

ಗುಂಡ ಬೇಡಿಕೊಳ್ಳಲಿಲ್ಲ. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದ, ಚೆನ್ನಿ ಮಡಕೆಗಳನ್ನು ಕುಕ್ಕೆಗೆ ತುಂಬಿದಳು. ಹೊರಡುವ ಮೊದಲು ಅವನು ಕಾಡಿನ ಕಡೆ ತಿರುಗಿ, "ಆಲು ತುಂಬೈತೆ ತೆನೆ. ಅಂದಿ ಬರೋ ಒತ್ತು ಅಯ್ಯ," ಎಂದ. ಅದನ್ನೂ ಮಂಟಯ್ಯ ಬೆದರಿಕೆ ಎಂದೇ ತಿಳಿದ.

ಲಿಂಗಣ್ಣನಿಗೆ ಸುದ್ದಿ ಮುಟ್ಟಿ ಅವನೇ ಬದುವಿಗೆ ಬಂದ. "ಗುಂಡ ಅಂತೋನಲ್ಲ ಕಣ್ಲಾ ಮಂಟ. ಇರ್ಲಿ, ನಮ್ಮ ಆಳು ಒಬ್ಬನ್ನ ಕಾವ್ಲಿಗೆ ಕಳಿಸ್ಲಾ?" ಎಂದ. ಸಂಚಿನ ಯಜಮಾನನೇ ಬಂದು ಕಾವಲುಗಾರನನ್ನು ಕೊಡುತ್ತೇನೆ ಎಂದರೆ! ಮಂಟಯ್ಯ ನಕ್ಕು, "ನಂಗೂ ಕಣ್ಣವೆ ಕಣಣ್ಣ," ಎಂದ. ಅಂದಿನಿಂದ ತಾನೇ ಅಟ್ಟಣೆ ಹತ್ತಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಆದರೆ ಅವನು ಕಾದದ್ದು ಊರಿನ ದಾರಿಯನ್ನು. ಕಾಡು ಅವನ ಬೆನ್ನ ಹಿಂದಿತ್ತು.

ಗೌರಿ ಹಬ್ಬದ ರಾತ್ರಿ ಅಣ್ಣನ ಮನೆಯಲ್ಲಿ ಊಟಕ್ಕೆ ಕರೆದರು. ನಿದ್ದೆಗೆಟ್ಟಿದ್ದವನು ಹೋಳಿಗೆ ತಿಂದು, ಜಗಲಿಯಲ್ಲಿ ಸ್ವಲ್ಪ ಒರಗಿ ಎದ್ದು ಹೋಗೋಣ ಎಂದುಕೊಂಡ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಎದ್ದು ಹೊಲಕ್ಕೆ ಓಡಿದ.

ಹೊಲವೆಲ್ಲ ಮಕಾಡೆ ಮಲಗಿತ್ತು. ಹಂದಿಗಳ ಹಿಂಡೇ ಇಳಿದು ದಂಟು ಮುರಿದು, ತೆನೆ ಜಗಿದು, ಸಾಕಾದ ಮೇಲೆ ಹೊರಳಾಡಿ ಹೋಗಿದ್ದವು. ಹೊಸ ಜೋಳದ ಸಿಹಿ ಅವಕ್ಕೆ ಹಿಡಿಸಿತ್ತು. ಅಲ್ಲೊಂದು ಇಲ್ಲೊಂದು ದಂಟು ನಿಂತಿದ್ದರೆ ಅದು ಅವರೆ ಬಳ್ಳಿ ಸುತ್ತಿ ಹಿಡಿದುಕೊಂಡದ್ದು. ಮಂಟಯ್ಯ ಕೆಸರಿನಲ್ಲೇ ಕುಕ್ಕರಿಸಿದ. ಎತ್ತು ಹೋಯಿತು. ಇನ್ನು ಎಷ್ಟು ವರ್ಷ ಲಿಂಗಣ್ಣನ ಬದುವಿನ ಮೇಲೆ ಕಾಯಬೇಕೋ. ಅವನಿಗೆ ಅಳು ಬಂತು, ಅತ್ತ. ಯಾರಾದರೂ ನೋಡಿದರೇ ಎಂದು ನಡುವೆ ಒಮ್ಮೆ ತಲೆ ಎತ್ತಿಯೂ ನೋಡಿದ.

ಸಣ್ಣತಾಯಮ್ಮ ಬಂದದ್ದು ಅದರ ಮರುದಿನ. ಬಸ್ಸಿಳಿದು ಹೊಲದ ದಾರಿಯಲ್ಲೇ ಬಂದವಳು ಬಾಗಿನದ ಮೊರವನ್ನು ಜಗಲಿಯ ಮೇಲಿಟ್ಟು, ಕಾಲೂ ತೊಳೆಯದೆ ಕೇಳಿದಳು.

"ಗುಂಡ ಎಲ್ಲಿ?"

"ಓಡಿಸ್ದೆ."

"ಯಾಕೆ?"

ಮಂಟಯ್ಯ ಎಲ್ಲವನ್ನೂ ಹೇಳಿದ. ಲಿಂಗಣ್ಣ, ಗ್ರಾಮಸೇವಕ, ಸೂರಿನಲ್ಲಿದ್ದ ಗಂಟು, ಚೆನ್ನಿಯ ಕಳೆ. ಬೆಳೆ ಹೋದರೂ ಕಳ್ಳನನ್ನು ಹಿಡಿದೆ ಎಂಬ ಸಮಾಧಾನ ಇನ್ನೂ ಸ್ವಲ್ಪ ಉಳಿದಿತ್ತು. ಅವಳು ಕಂಬಕ್ಕೆ ಒರಗಿ ಕೊನೆಯವರೆಗೂ ಕೇಳಿದಳು.

"ಅವರೆ ಆಕಿದ್ದು ನಾನು."

ಮಂಟಯ್ಯ ಬಾಗಿನದ ಮೊರವನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ ಕೂತ.

"ಬಿತ್ನೆ ದಿನಾನೇ ಆಕ್ದೆ. ನೀವು ಆ ಸೈಕಲ್ಲಯ್ಯನ್ನ ಕಳ್ಸಕ್ಕೆ ಓದ್ರಲ್ಲ, ಆವಾಗ. ಮಡ್ಲಲ್ಲಿ ತುಂಬ್ಕಂಡ ಬೀಜವ ಮನೆಗೆ ವಾಪಸ್ ತಂದಾರಾ?"

"ಆಯ್ತು ಅಂದ್ಯಲ್ಲೇ!"

"ಆ ಅಯ್ಯನ ಮುಂದೆ ಜಗಳ ಆಡ್ಲಾ? ನಾನು ಈ ಮನೆಗೆ ಬಂದ ವರ್ಸದಿಂದ ಆ ಸಾಲು ನಂದು. ಸರ್ಕಾರದೋರು ಬ್ಯಾಡ ಅಂದ್ರು ಅಂದ್ರಿ. ನನ್ನ ಒಂದು ಮಾತು ಕೇಳಿದ್ರಾ? ನಿಮಗೆ ಎತ್ತು ಬತ್ತದೆ. ನಂಗೆ?"

"ಗುಂಡಂಗೆ..."

"ಗೊತ್ತು. ಬದಿನ ಮೇಲೆ ಕುಂತು ನೋಡ್ತಿದ್ದ. ಸುಮ್ನಿರು ಅಂತ ನಾನೇ ಒಂದಿಡಿ ಬೀಜ ಕೊಟ್ಟೆ."

"ಅಂಗಂತ ಏಳಬೋದಿತ್ತಲ್ಲ ನಂಗೆ!"

"ಬೀಜ ಕೊಟ್ಟಿದ್ದು ಅಮ್ಮ ಅಂತ ಏಳುದ್ನಲ್ಲ. ನಂಬಿದ್ರಾ?"

ಲೋಕದಲ್ಲಿ ಎಲ್ಲರನ್ನೂ ಅನುಮಾನಿಸಿದ ಮಂಟಯ್ಯನಿಗೆ ತನ್ನ ಮನೆಯ ಒಲೆ ಮುಂದೆ ಕೂರುವವಳನ್ನು ಅನುಮಾನಿಸಬೇಕೆಂದು ಹೊಳೆದಿರಲಿಲ್ಲ. ಅದು ನಂಬಿಕೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದು ಅವನಿಗೆ ಆ ಜಗಲಿಯ ಮೇಲೆ ಕೂತಿದ್ದಾಗ ಅರ್ಥವಾಗಿ, ಹೆಂಡತಿಯ ಮುಖ ನೋಡಲು ನಾಚಿಕೆಯಾಯಿತು.

"ಓಡ್ಸುದೋರು ನೀವು. ಓಗಿ ಕರ್ಕಬರೋರೂ ನೀವೇ," ಎಂದು ಅವಳು ಒಳಗೆ ಹೋದಳು.

ಸಾಹೇಬರ ಜೀಪು ಹೇಳಿದ ಹೊತ್ತಿಗೆ ಬಂತು. ಬೆಳೆಯ ಅಳತೆಗೆ ಚೌಕ ಹಾಕಲು ತಂದಿದ್ದ ಗೂಟ, ದಾರ ಜೀಪಿನಿಂದ ಇಳಿಯಲೇ ಇಲ್ಲ. ನೋಡಲು ಬೆಳೆಯೇ ಇಲ್ಲದ ಮೇಲೆ ಸಬ್ಸಿಡಿ ಬರೆಯುವುದು ಹೇಗೆ ಎಂದರು. ಮಂಟಯ್ಯ ಕೈಕಟ್ಟಿ ನಿಂತು, ಅಳುಕುತ್ತಲೇ ಅವರೆ ಬಳ್ಳಿ ತೋರಿಸಿದ.

"ಸ್ವಾಮಿ, ಇದು ಇದ್ದದ್ದಕ್ಕೆ ಎಂಗೂ ಕೊಡ್ತಿರ್ಲಿಲ್ಲ ಅಲ್ವಾ?"

ಅವರು ಬಗ್ಗಿ ನೋಡಿದರು. "ಇದಾ? ನಾವು ಅಳತೆ ಹಾಕೋ ಚೌಕದೊಳಗೆ ಇರೋ ಬಳ್ಳಿ ಕಿತ್ತಿದ್ರೆ ಸಾಕಿತ್ತು. ಇಂಥ ಕಾಡಂಚಿನಲ್ಲಿ ಕಾವಲಿಗೆ ಯಾರೂ ಇರಲಿಲ್ವೇನ್ರೀ?"

ಗ್ರಾಮಸೇವಕ ಬೇರೆ ಕಡೆ ನೋಡಿದ. ಅವನ ಮುಖದಲ್ಲಿ ಮಂಟಯ್ಯ ಆ ದಿನ ಕಪಟ ಹುಡುಕಿದ, ಸಿಕ್ಕಲಿಲ್ಲ. ಸಿಕ್ಕಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಹಾಡಿಗೆ ಹೋಗುವುದು ಇವತ್ತು ನಾಳೆ ಎಂದು ಮುಂದಕ್ಕೆ ಬೀಳುತ್ತಲೇ ಇತ್ತು. ಗುಂಡ, ಚೆನ್ನಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದರಂತೆ ಎಂದು ತಿಳಿದಾಗ ಮಂಟಯ್ಯನಿಗೆ ಒಳಗೊಳಗೇ ಹಗುರವಾಯಿತು. ಇತ್ತ ಬಿದ್ದ ಜೋಳದ ಮೇಲೆ ಅವರೆ ಹಬ್ಬಿತು, ಹೂವಾಯಿತು. ಮಂಜು ಬೀಳುವ ಕಾಲಕ್ಕೆ ಸೊಗಡು ಬದು ದಾಟಿ ಬರುವಂತೆ ಕಾಯಿ ಕಟ್ಟಿತು. ಸಣ್ಣತಾಯಮ್ಮ ವಾರ ವಾರ ಹಂಪಾಪುರದ ಸಂತೆಗೆ ಹೊತ್ತಳು. ಮಂಟಯ್ಯ ಒಂದು ಮಾತು ಕೇಳಲಿಲ್ಲ.

ಒಂದು ಬೆಳಿಗ್ಗೆ ಅವಳು ಕುಕ್ಕೆ ತುಂಬ ಎಳೆಯ ಕಾಯಿ ಬಿಡಿಸಿ ತಂದು ಅವನ ಮುಂದೆ ಇಟ್ಟಳು.

"ಗುಂಡ ಬಂದವ್ನಂತೆ. ಇದ ಕೊಟ್ಟು, ಬರೋ ವರ್ಸ ಬಾ ಅಂತ ಕರೀರಿ."

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಕುಕ್ಕೆ ಹೊತ್ತು ಹೊರಟ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಹಾಡಿ ತಲುಪಿದಾಗ ಗುಂಡ ಗುಡಿಸಲ ಮುಂದೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದ. ಎದ್ದುನಿಂತ. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ತಪ್ಪಾಯ್ತು ಕಣ್ಲಾ ಗುಂಡ," ಎಂದ ಮಂಟಯ್ಯ. ಜೋಡಿಸಿಕೊಂಡ ಮಾತೆಲ್ಲ ಎಲ್ಲೋ ಹೋಗಿ ಇದೊಂದೇ ಉಳಿದಿತ್ತು. "ಅವರೆಕಾಯಿ ತಂದಿವ್ನಿ. ತಕ."

ಗುಂಡ ಕುಕ್ಕೆಯನ್ನು ನೋಡಿದ. ಕೈ ಚಾಚಲಿಲ್ಲ.

"ಯಾರು ಕೊಟ್ಟುದ್ದು ಅಯ್ಯ?"

"ನಿಮ್ಮಮ್ಮಾರು ಕಣ್ಲಾ. ಅವ್ಳೇ ಬಿಡಿಸಿ ಕೊಟ್ಳು."

"ಅವ್ರು ಕೊಟ್ರು ಅನ್ನಕ್ಕೆ ಸಾಕ್ಷಿ ಯಾರವ್ರೆ?"

ಕೆಣಕುವ ದನಿಯಾಗಿದ್ದರೆ ಮಂಟಯ್ಯ ತಡೆದುಕೊಳ್ಳುತ್ತಿದ್ದ. ಗುಂಡ ನಿಜವಾಗಿಯೂ ಕೇಳುತ್ತಿದ್ದ. ಅವನ ಕಣ್ಣಲ್ಲಿ ಇದ್ದದ್ದು ಅನುಮಾನ. ಅದನ್ನು ಮಂಟಯ್ಯ ಚೆನ್ನಾಗಿ ಗುರುತಿಸಬಲ್ಲವನಾಗಿದ್ದ.

"ನಾಳೆ ಬಂದು, ಗುಡ್ಲಲ್ಲಿ ಅವರೆಕಾಯಿ ಸಿಕ್ತು ಅಂತೀರಿ," ಎಂದ ಗುಂಡ. "ನಂಗೆ ಬ್ಯಾಡ ಅಯ್ಯ. ಅಮ್ಮಾರೇ ಬಂದು ಕೊಟ್ರೆ ಈಸ್ಕತೀನಿ."

ಒಳಗಿನಿಂದ ಚೆನ್ನಿ ಇಣುಕಿ ನೋಡಿ ಹಿಂದೆ ಸರಿದಳು. ಮಂಟಯ್ಯ ಕುಕ್ಕೆಯನ್ನು ಮತ್ತೆ ತಲೆಗೆ ಏರಿಸಿಕೊಂಡು ಬಂದ ದಾರಿಯಲ್ಲೇ ತಿರುಗಿದ. ತನ್ನ ಬದುವಿನಲ್ಲಿ ನಿಂತಿದ್ದ ಲಿಂಗಣ್ಣ ಕೂಗಿ ಕೇಳಿದ. "ಏನ್ಲಾ ಮಂಟ, ನಿನ್ನವರೆನ ಸಂತೆ ದಿನ ಅಲ್ಲದ ದಿನ ಎಲ್ಲಿಗೆ ಒತ್ಕಂಡು ತಿರಗ್ತಿದ್ದೀಯೆ?"

"ನಂದಲ್ಲ ಕಣಣ್ಣ. ನಮ್ಮನೇವ್ಳುದು," ಎಂದ ಮಂಟಯ್ಯ.

ಮನೆಗೆ ಬಂದು ಕುಕ್ಕೆಯನ್ನು ಅಂಗಳದಲ್ಲಿ ಇಳಿಸಿದ. ಸಣ್ಣತಾಯಮ್ಮ ರಾಗಿ ಕೇರುತ್ತಿದ್ದವಳು ತಲೆ ಎತ್ತಿದಳು.

"ಈಸ್ಕಳ್ಳಿಲ್ಲ," ಎಂದ. ಆಮೇಲೆ, ಮದುವೆಯಾದಂದಿನಿಂದ ಅವಳ ಹತ್ತಿರ ಏನನ್ನೂ ಬೇಡಿರದ ಮನುಷ್ಯ, ನೆಲ ನೋಡುತ್ತಾ ಹೇಳಿದ. "ನೀನೂ ಬಾ. ನನ್ ಪರವಾಗಿ ಒಂದು ಸಾಕ್ಷಿ ಏಳು."

ಅವಳು ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು, ಸೆರಗು ಸಿಕ್ಕಿಸಿ ಹೊರಟಳು. ಕುಕ್ಕೆಯನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಮಂಟಯ್ಯ ಅದನ್ನು ಹೊತ್ತು ಅವಳ ಹಿಂದೆ ನಡೆದ.